ಕಪ್ಪು-ಬಸಿಯ ಹಾಡು

ಔರಾದ
9 ಜುಲೈ 2023

ನಾಗಸೇನಣ್ಣನಿಗೆ,
ಜೈಭೀಮ.

ಮೂರು ದಿನ ಫೋನು ಮಾಡಿದೆ. ಮೂರು ದಿನವೂ ಯಾವನೋ ಎತ್ತಿ, "ಸರ್ ರೆಕಾರ್ಡಿಂಗ್‌ನಲ್ಲಿದ್ದಾರೆ, ತಾವ್ಯಾರು?" ಎಂದು ಕೇಳಿದ. ಏನು ಹೇಳಲಿ? ಇರ್ಫಾನನ ಮೋಟರ್ ರಿವೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ತಾಮ್ರದ ತಂತಿಯ ಸುರುಳಿಗಳ ನಡುವೆ ಕೂತು 'ಕೆಂಗಲ್ಲು' ತಂಡದ ಮೊದಲ ಹಾಡು ಕೇಳಿದ ನಲವತ್ತು ಜನರಲ್ಲಿ ಒಬ್ಬಳು ಎಂದೇ? ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಹೊಸ ಹಾಡು ಕಟ್ಟಿದಾಗಲೆಲ್ಲ ನೀನೇ ಅದರ ಸಾಲುಗಳನ್ನು ಕೈಯಲ್ಲಿ ಬರೆದು ನಮ್ಮ ನಲವತ್ತು ಮನೆಗಳಿಗೆ ಅಂಚೆಗೆ ಹಾಕುತ್ತಿದ್ದೆ. ಆ ರೂಢಿ ನಿನಗೆ ಬಿಟ್ಟಿರಬಹುದು, ನನಗೆ ಬಿಟ್ಟಿಲ್ಲ. ಬೀದರಿನ ಮನೆಯ ವಿಳಾಸಕ್ಕೆ ಹಾಕಿದ್ದೇನೆ. ನಿನ್ನ ಅಕ್ಕ ಸುಮನಕ್ಕ ಬೆಂಗಳೂರಿಗೆ ಕಳಿಸುತ್ತಾಳೆ.

ಕಳೆದ ಸೋಮವಾರ ಊರಿನಿಂದ ನಾನು ಕಲಿಸುವ ಸಾಲಿಗೆ ಬರುವಾಗ, ಬೀದರ-ಔರಾದ ಬಸ್ಸಿನಲ್ಲಿ ಡ್ರೈವರ್ ಹಾಡು ಹಚ್ಚಿದ. ಇರ್ಫಾನನ ಢೋಲಕಿನ ಆ ಎರಡು ಪೆಟ್ಟು ಕಿವಿಗೆ ಬಿದ್ದದ್ದೇ ಮೈ ಝುಂ ಎಂದಿತು. ಸುಳ್ಳು ಹೇಳುವುದಿಲ್ಲ ಅಣ್ಣಾ, ಮೊದಲು ಖುಷಿಯೇ ಆಯಿತು. ಪಕ್ಕದ ಹೆಂಗಸಿಗೆ, "ಇವ್ರು ನಮ್ಮವ್ರರಿ, ನಮ್ಮ ಬೀದರದವ್ರು" ಎಂದೆ. ಆಮೇಲೆ ನಿನ್ನ ದನಿ ಬಂತು:

ಒಂದೇ ಕಪ್ಪು, ಎರಡು ತುಟಿ,
ಸಕ್ರಿ ಯಾಕ, ನೀನೇ ಮಿಠಿ.

"ಛಲೋ ಅದರಿ ಹಾಡ. ಯಾವ್ದೋ ಪಿಚ್ಚರಿಂದು. ನಮ್ಮ ಹುಡುಗ್ರು ದಿನಾ ಇದ್ರ ಮ್ಯಾಲೇ ಕುಣೀತಾವ" ಎಂದಳು ಆಕೆ. 

ಅದೇ ರಾಗ. ಅದೇ ತಾಳ. ಆದರೆ ಅದರ ಸಾಲುಗಳು ಇವಲ್ಲ. 2018ರಲ್ಲಿ ನಿನ್ನನ್ನೂ ಗಿಟಾರಿನ ಜಾನ್ಸನನನ್ನೂ ಇರ್ಫಾನನನ್ನೂ ಮನ್ನಳ್ಳಿಗೆ, ನಮ್ಮ ಮನೆಗೆ ಊಟಕ್ಕೆ ಕರೆದೊಯ್ದವಳು ನಾನು. ಅವತ್ತು ಊಟವಾದ ಮೇಲೆ ನನ್ನ ಅಪ್ಪ, ಹೆತ್ತ ಮಕ್ಕಳಿಗೇ ಹೇಳದ ಮಾತನ್ನು ನಿನಗೆ ಹೇಳಿದ. ಹತ್ತೊಂಬತ್ತನೇ ವಯಸ್ಸಿನಲ್ಲಿ ರಸ್ತೆ ಡಾಂಬರಿನ ಕೆಲಸಕ್ಕೆ ಹೋದಾಗ ಒಂದು ಊರಿನ ಚಹಾದ ಹೋಟೆಲಿನಲ್ಲಿ ನಮ್ಮವರ ಕಪ್ಪು-ಬಸಿ ಹೊರಗೋಡೆಯ ಗೂಡಿನಲ್ಲಿ, ಮಾಡದಲ್ಲಿ, ಇರುತ್ತಿತ್ತಂತೆ. ಗದ್ದಲದಲ್ಲಿ ಅಪ್ಪ ಒಳಗಿನ ಕಪ್ಪಿನಲ್ಲಿ ಕುಡಿದುಬಿಟ್ಟ. ಹೋಟೆಲಿನವನು ಆ ಕಪ್ಪನ್ನು ಅಪ್ಪನ ಕಣ್ಣೆದುರೇ ಒಡೆದು, ಚೂರುಗಳನ್ನು ಬರಿಗೈಯಲ್ಲಿ ಆರಿಸಲು ಹಚ್ಚಿದ. ಎರಡು ವಾರ ಬಿಟ್ಟು ನಿನ್ನ ಪತ್ರ ಬಂತು. ಅದು ಈಗಲೂ ನನ್ನ ಹತ್ತಿರವಿದೆ:

ಹೊರಗ ಮಾಡದಾಗ ನನ್ನ ಕಪ್ಪು-ಬಸಿ,
ಒಳಗ ಕುಂತವ್ರಿಗಿ ಎಂಥಾ ಖುಷಿ.
ನೀವು ಒಡದೀರಿ ಒಂದು, ನಾ ಆರ್ಸೀನಿ ನೂರು,
ಅಂಗೈದಾಗ ಇನ್ನಾ ಅದ ಆ ಚೂರು.

ಈ ಸಾಲನ್ನು ಪ್ರೀತಿ ಮಾಡುವ ಹುಡುಗ-ಹುಡುಗಿಯ ಚಹಾ ಮಾಡಿದವರು ಯಾರು? ಅವರ ಹೆಸರು ಹೇಳು. ಬಯ್ಯಬೇಕಾದವರನ್ನು ಬಿಟ್ಟು ನಿನ್ನನ್ನು ಬಯ್ಯಲು ನನಗೆ ಮನಸ್ಸಿಲ್ಲ.

ನಿನ್ನ ತಂಗಿ,
ಮನಿಷಾ

---

ಬೆಂಗಳೂರು
2 ಆಗಸ್ಟ್ 2023

ಪ್ರೀತಿಯ ಮನಿಷಾ,
ಜೈಭೀಮ.

ನಿನ್ನ ಪತ್ರ ಎರಡು ಸಲ ಓದಿದೆ. ಇಲ್ಲಿ ನನಗೆ ಪತ್ರ ಬರೆಯುವವರು ಯಾರೂ ಇಲ್ಲ.

ಯಾರ ಹೆಸರು ಹೇಳಲಿ ತಂಗೀ? ಪಿಚ್ಚರಿನವರಿಗೆ ರಾಗ ಬೇಕಾಗಿತ್ತು. ಗೋಡೆಯ ಗೂಡಿಗೆ ಮಾಡ, ಸಾಸರಿಗೆ ಬಸಿ ಎಂದರೆ ಈ ಕಡೆಯವರಿಗೆ ತಿಳಿಯುವುದಿಲ್ಲ ಎಂದರು. ಅವರೇ ಒಬ್ಬರಿಂದ ಸಾಲು ಬರೆಸಿದರು, ನಾನು ಹಾಡಿದೆ. ಹಾಡು ನಾಲ್ಕು ಊರು ದಾಟುವಾಗ ಅಂಗಿ ಬದಲಾಗುತ್ತದೆ. ನಲವತ್ತು ಜನ ಕೇಳುತ್ತಿದ್ದ ರಾಗವನ್ನು ಇವತ್ತು ಲಕ್ಷ ಜನ ಕೇಳುತ್ತಿದ್ದಾರೆ. ನಾಳೆ ಅದೇ ಜನ ನಮ್ಮ ಹಳೆಯ ಹಾಡುಗಳನ್ನು ಹುಡುಕಿಕೊಂಡು ಬರುತ್ತಾರೆ. ಬಾಗಿಲು ತೆರೆಯುವುದು ಮುಖ್ಯ ಎಂದು ನನಗೆ ಅನ್ನಿಸಿತು.

ಅಪ್ಪ ಆರಾಮ ಇದ್ದಾರೆಯೇ? ಹಾಡು ಅವರ ಕಿವಿಗೆ ಬಿದ್ದಿತೇ? ಏನಾದರೂ ಅಂದರೇ?

ಡಿಸೆಂಬರ್ 16ಕ್ಕೆ ಬೀದರಿನಲ್ಲಿ ನಮ್ಮ ದೊಡ್ಡ ಕಾರ್ಯಕ್ರಮ ಇದೆ. ಮುಂದಿನ ಸಾಲಿನ ಎರಡು ಪಾಸು ಇಟ್ಟಿದ್ದೇನೆ. ನೀನು ಬರಲೇಬೇಕು.

ನಿನ್ನ ಅಣ್ಣ,
ನಾಗಸೇನ

---

ಔರಾದ
21 ಸೆಪ್ಟೆಂಬರ್ 2023

ಶ್ರೀ ನಾಗಸೇನ ಅವರಿಗೆ,

ತಮ್ಮ ಎರಡು ಪಾಸುಗಳನ್ನು ಇದರ ಜೊತೆ ಮರಳಿ ಕಳಿಸಿದ್ದೇನೆ.

ತಾವು ತೆರೆದ ಬಾಗಿಲಿನಿಂದ ಯಾರು ಒಳಗೆ ಬಂದರು ಎಂಬುದನ್ನು ತಮಗೆ ತಿಳಿಸಬೇಕು. ಮೊನ್ನೆ ಹದಿನೇಳಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ದಿನ ನಮ್ಮ ಸಾಲಿಯಲ್ಲಿ ಧ್ವಜ ಏರಿಸಿದ ಮೇಲೆ ಮಕ್ಕಳ ಕಾರ್ಯಕ್ರಮ ಇತ್ತು. ಆರನೇ ತರಗತಿಯ ಹುಡುಗಿಯರು ತಮ್ಮ 'ಒಂದೇ ಕಪ್ಪು' ಹಾಡಿಗೆ ಕುಣಿದರು. ಕೈಯಲ್ಲಿ ಪ್ಲಾಸ್ಟಿಕ್ ಕಪ್ಪು ಬೇರೆ. ಮುಂದಿನ ಕುರ್ಚಿಯಲ್ಲಿ ಕೂತ ಊರಿನ ಹಿರಿಯರೊಬ್ಬರು ತಲೆದೂಗಿ ಚಪ್ಪಾಳೆ ಹೊಡೆದರು. ಅವರ ಮನೆಗೆ ಶಿಕ್ಷಕರೆಲ್ಲ ಚಹಾಕ್ಕೆ ಹೋದಾಗ ಉಳಿದವರಿಗೆ ಸ್ಟೀಲಿನ ಕಪ್ಪು, ನನಗೊಬ್ಬಳಿಗೆ ಕಾಗದದ್ದು. ನಾಲ್ಕು ವರ್ಷದಿಂದ ಇದೇ. ನಾನು ಒಮ್ಮೆಯೂ ಬಾಯಿ ಬಿಟ್ಟಿಲ್ಲ. ಅಂಥ ಮನುಷ್ಯ ನನ್ನ ಅಪ್ಪನ ಕಪ್ಪಿನ ರಾಗಕ್ಕೆ ತಾಳ ಹಾಕುವುದನ್ನು ನೋಡಿ ನನಗೆ ಏನಾಯಿತೋ, ಎದ್ದು ಹೋಗಿ ಸ್ಪೀಕರಿನ ವೈರು ಕಿತ್ತೆ.

ಹುಡುಗಿಯರು ಕಪ್ಪು ಹಿಡಿದು ಹಾಗೇ ನಿಂತರು. ಒಂದು ಹುಡುಗಿ ಅಳಲು ಸುರು ಮಾಡಿತು. ದೊಡ್ಡ ಸರ್ ಎಲ್ಲರ ಮುಂದೆ, "ಯಾಕ ಟೀಚರ್, ಹಾಡಿನಾಗ ತಪ್ಪೇನ್ ಅದರಿ?" ಎಂದು ಕೇಳಿದರು. ಏನು ತಪ್ಪು ಎಂದು ಹೇಳಲು ಹೋದರೆ ಅಪ್ಪನ ಕಥೆಯನ್ನು ಆ ಕುರ್ಚಿಯ ಮುಂದೆ ಬಿಚ್ಚಬೇಕು. ನನಗೆ ಕಾರಣ ಕೇಳಿ ನೋಟಿಸು ಕೊಟ್ಟಿದ್ದಾರೆ. ಹುಡುಗಿಯನ್ನು ಅಳಿಸಿದ್ದು ನಾನು, ತಮ್ಮ ಹಾಡಲ್ಲ. ಸಾಲಿಯಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ಮಾತು ಇದು.

ಜಾನ್ಸನ್ ತಂಡ ಬಿಟ್ಟು ಭಾಲ್ಕಿಗೆ ಮರಳಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಮೂವರಲ್ಲಿ ಒಬ್ಬನಿಗಾದರೂ ಮಾನ ಇದೆಯಲ್ಲ ಎಂದು ಸಮಾಧಾನವಾಯಿತು.

ಅಪ್ಪ ಏನಾದರೂ ಅಂದರೇ ಎಂದು ಕೇಳಿದ್ದೀರಿ. ಅಪ್ಪ ಏನೂ ಅಂದಿಲ್ಲ. ಆತ ಯಾವಾಗ ಅಂದಿದ್ದಾನೆ? ಒಮ್ಮೆ ಅಂದ, ಅದನ್ನು ನೀವು ಕೊಟ್ಟುಬಿಟ್ಟಿರಿ.

ಮನಿಷಾ ನರಸಿಂಗ

---

ಔರಾದ
18 ಡಿಸೆಂಬರ್ 2023

ನಾಗಸೇನ,

ಮೂರು ತಿಂಗಳು ಉತ್ತರ ಇಲ್ಲ. ಉತ್ತರ ಬೇಕಾಗಿಯೂ ಇಲ್ಲ. ಆದರೂ ಶನಿವಾರ ನಾನು ಬಂದಿದ್ದೆ. ಪಾಸು ಮರಳಿಸಿದವಳು ಕಟ್ಟಿಗೆಯ ಬೇಲಿಯ ಹಿಂದೆ, ಕಾಲೇಜಿನ ಹುಡುಗರ ನಡುವೆ ನಿಂತಿದ್ದೆ. ನಾಚಿಕೆ ಇಲ್ಲದ ಅಭಿಮಾನಿ ಎಂದುಕೋ.

ನನ್ನ ಮುಂದೆ ಒಬ್ಬ ಹುಡುಗ ನಿನ್ನ ಮುಖದ ಅಂಗಿ ಹಾಕಿಕೊಂಡಿದ್ದ. ಅವನಿಗೆ ನಿನ್ನ ಒಂದೇ ಒಂದು ಹಾಡು ಗೊತ್ತು. ಇನ್ನುಳಿದವು ಬಂದಾಗ ಫೋನಿನಲ್ಲಿ ಮಾತಾಡುತ್ತಿದ್ದ. ಅವನ ಕೊರಳಪಟ್ಟಿ ಹಿಡಿದು, ಇದು ನಮ್ಮದು, ನೀನು ಯಾರೋ ಎಂದು ಕೇಳಬೇಕು ಅನ್ನಿಸಿತು. ಇದು ಅಪ್ಪನ ಸಲುವಾಗಿ ಬಂದ ಸಿಟ್ಟಲ್ಲ ಎಂಬುದು ನನಗೂ ತಿಳಿಯುತ್ತದೆ. ಆ ಕೋಣೆ, ಆ ನಲವತ್ತು ಜನ, ಅದರಲ್ಲಿ ನಾನೂ ಒಬ್ಬಳು ಎಂಬ ಸೊಕ್ಕು. ಅದನ್ನು ಕಸಿದುಕೊಂಡದ್ದಕ್ಕೆ ಬಂದ ಸಿಟ್ಟು. ಇರಲಿ. ಅದೂ ನನ್ನದೇ ಸಿಟ್ಟು.

ನೀನು 'ಒಂದೇ ಕಪ್ಪು' ಹಾಡುವಾಗ ನನ್ನನ್ನು ನೋಡಿದೆ. ನೋಡಿ ಮುಖ ಆ ಕಡೆ ತಿರುಗಿಸಿದೆ. ಹುಟ್ಟಿದ ಊರಿನಲ್ಲಿ ನಿಂತು, ಹಳೆಯ ಹಾಡಿನ ಒಂದು ಸಾಲು, ಒಂದೇ ಸಾಲು ಹಾಡುವ ಧೈರ್ಯ ನಿನಗೆ ಬರಲಿಲ್ಲ. ಏಳೂವರೆಯ ಔರಾದ ಬಸ್ಸಿಗೆ ನಾನು ಹೊರಟು ಬಂದೆ. ಮನೆಗೆ ಬಂದು ನಿನ್ನ ಎಲ್ಲ ಪತ್ರಗಳನ್ನು ಒಲೆಯ ಹತ್ತಿರ ತಂದಿಟ್ಟೆ. ಸುಡಲಿಲ್ಲ. ನಿನ್ನ ಸಲುವಾಗಿ ಅಲ್ಲ, ಅಕ್ಷರದ ಸಲುವಾಗಿ.

ಇನ್ನು ನೀನು ನನಗೆ ಅಣ್ಣನಲ್ಲ.

ಮನಿಷಾ

---

ಬೀದರ
20 ಡಿಸೆಂಬರ್ 2023

ಮನಿಷಾ,

ನಿನ್ನ ಪತ್ರ ಈಗ ತಾನೇ ಬಂತು. ಅಕ್ಕನ ಮನೆಯಲ್ಲೇ ಇದ್ದೇನೆ.

ಹಾಡಿದೆ. ಕೊನೆಯ ಹಾಡು ಅದೇ. ನೀನು ಹೋಗಿಬಿಟ್ಟಿದ್ದೆ. ನಿನ್ನನ್ನು ನೋಡಿದ ಮೇಲೆಯೇ ಇರ್ಫಾನನ ಕಿವಿಯಲ್ಲಿ, "ಹಳೇದು ಹಾಡ್ತೇನಿ, ಕೊನೀಗಿ" ಎಂದೆ. ಅದಕ್ಕೇ ಮುಖ ತಿರುಗಿಸಿದ್ದು.

ಏನಾಯಿತು ಕೇಳು. ರಾಗ ಸುರುವಾದದ್ದೇ ಜನ ಮತ್ತೆ ಕುಣಿಯತೊಡಗಿದರು. ಹೊರಗ ಮಾಡದಾಗ ಎಂದೆ, ಕುಣಿದರು. ನೀವು ಒಡದೀರಿ ಎಂದಾಗ ಸೀಟಿ ಹೊಡೆದರು. ಒಬ್ಬರಾದರೂ ಇದು ಬೇರೆ ಸಾಲು ಎಂದು ನಿಲ್ಲಲಿಲ್ಲ. ಹತ್ತು ಸಾವಿರ ಜನ, ಒಬ್ಬರೂ ಕೇಳಲಿಲ್ಲ. ಇರ್ಫಾನ ನಡುವೆಯೇ ಢೋಲಕು ನಿಲ್ಲಿಸಿ ಎದ್ದು ಹೋದ. ನಾನು ಬರೀ ದನಿಯಲ್ಲಿ ಮುಗಿಸಿದೆ. ಅವರು ಬರೀ ದನಿಗೂ ಕುಣಿದರು. ಆ ಹೊತ್ತು ನನಗೆ ಬಂದ ಸಿಟ್ಟು ನಿನಗೆ ಈ ಜನ್ಮದಲ್ಲಿ ಬರಲಾರದು.

ಈಗ ನಿನ್ನ ಮೇಲೆಯೂ ಸಿಟ್ಟು ಬಂದಿದೆ. ನಲವತ್ತು ಜನ, ನಲವತ್ತು ಜನ ಎನ್ನುತ್ತೀ. ಆ ಕೋಣೆಯಲ್ಲಿದ್ದವರೆಲ್ಲ ನಮ್ಮವರೇ. ಕಪ್ಪಿನ ಸಂಗತಿ ಅವರಿಗೆ ಮೊದಲೇ ಗೊತ್ತಿತ್ತು. ಕೇಳಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದೆವು. ಯಾವ ಹೋಟೆಲಿನವನಿಗೆ ಅದು ಮುಟ್ಟಿತ್ತು? ನಿನಗೆ ಆ ಹಾಡು ಯಾರಿಗೂ ತಿಳಿಯದೆ ಇರಬೇಕಾಗಿತ್ತು. ತಿಳಿಯದೆ ಇದ್ದಷ್ಟೂ ದಿನ ಅದು ನಿನ್ನದಾಗಿತ್ತು.

ನಾನು ಕೇಳದೆ ಏನನ್ನೂ ಕೊಟ್ಟಿಲ್ಲ. ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ.

ನಾಗಸೇನ

---

ಭಾಲ್ಕಿ
7 ಜನವರಿ 2024

ನಾಗಸೇನ,

'ಕೇಳದೆ ಏನನ್ನೂ ಕೊಟ್ಟಿಲ್ಲ' ಎಂದು ಬರೆದೆಯಲ್ಲ, ಆ ಒಂದು ಸಾಲು ಎರಡು ವಾರ ನನಗೆ ನಿದ್ದೆ ಕೊಡಲಿಲ್ಲ. ಇವತ್ತು ರವಿವಾರ. ಜಾನ್ಸನನನ್ನು ಕೇಳೋಣ ಎಂದು ಭಾಲ್ಕಿಗೆ ಬಂದೆ. ಚರ್ಚಿನ ಆರಾಧನೆ ಮುಗಿಯುವ ತನಕ ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗೆ ಮಕ್ಕಳ ಹಾಡಿಗೆ ಗಿಟಾರು ಬಾರಿಸುತ್ತಿದ್ದ. ಹೊರಗೆ ಬಂದವನೇ ನನ್ನ ಮುಖ ನೋಡಿ, "ಬಾ, ಮನೀಗಿ ನಡಿ, ಉಂಡು ಮಾತಾಡೋಣು" ಎಂದ.

"ನೀ ಮಾನಕ್ಕಾಗಿ ತಂಡ ಬಿಟ್ಟಿಯಲ್ಲ, ಅದಕ್ಕ ಬಂದೆ" ಎಂದೆ. ಅವನು ನಕ್ಕ.

"ಮಾನ ಗೀನ ಏನಿಲ್ಲ ಮನಿಷಾ. ಪಿಚ್ಚರಿನ ಹಾಡಿನಾಗ ನಾ ಬಾರಿಸಿದ್ದು ತೆಗದು ಬ್ಯಾರೆದವ್ರ ಕಡಿಂದ ಬಾರಿಸಿದ್ರು. ನನಗ ಹೇಳಲೂ ಇಲ್ಲ. ಪಿಚ್ಚರ್ ನೋಡಿದಾಗ ಗೊತ್ತಾತು. ಸಿಟ್ಟ ಬಂತು, ಬಿಟ್ಟು ಬಂದೆ."

"ಮತ್ತ ಸಾಲು ಬದಲ್ ಮಾಡಿದ್ದಕ್ಕ?"

ಅವನು ತಟ್ಟೆಯ ಅನ್ನ ಕಲಸತೊಡಗಿದ. ಅವನ ಹೆಂಡತಿ ಇವಾಂಜಲಿನ, "ಹೇಳಿಬಿಡ್ರಿ, ಎಷ್ಟ್ ದಿನಾ ಅಂತ ಮುಚ್ಚಿಡ್ತೀರಿ" ಎಂದಳು.

"ಅದಕ್ಕ ನಿಮ್ಮ ಅಪ್ಪಾರೇ ಹೂಂ ಅಂದಿದ್ರು. ಹೋದ್ ಫೆಬ್ರವರಿದಾಗ ನಾ, ನಾಗಸೇನ ಗಾಡಿ ಮ್ಯಾಲ ಮನ್ನಳ್ಳಿಗಿ ಹೋಗಿದ್ವಿ, ಕೇಳ್ಲಿಕ್ಕ. ನಾಗಸೇನ 'ಬ್ಯಾಡ ಅಂದ್ರ ಪಿಚ್ಚರ್ ಬಿಡ್ತೇನ್ರಿ' ಅಂದ. ನಿಮ್ಮ ಅಪ್ಪಾರು ಬಾಗಿಲದಾಗ ನಿಂತೇ, 'ಬದಲ್ ಮಾಡ್ರಿ. ಪೂರಾ ಬದಲ್ ಮಾಡ್ರಿ. ಆ ಗ್ವಾಡಿ ಮಾಡದ್ದು ಒಂದ ಮಾತೂ ಇರಬಾರ್ದು. ಮನಿಷಾಗ ಹೇಳಬ್ಯಾಡ್ರಿ' ಅಂದ್ರು."

ಇದನ್ನು ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಔರಾದದ ಬಸ್ಸು ಬಿಟ್ಟು ಹೋಯಿತು. ಆರು ತಿಂಗಳು ನಾನು ಬಯ್ದೆ, ನೀನು ಬಯ್ಯಿಸಿಕೊಂಡೆ. ನೀನು ನನಗೆ ಹೇಳಬೇಕಾಗಿತ್ತು. ಅಪ್ಪ ಬೇಡ ಎಂದರೂ ಹೇಳಬೇಕಾಗಿತ್ತು. ನೀವೆಲ್ಲ ಗಂಡಸರು ಬಾಗಿಲಲ್ಲಿ ನಿಂತು ಮಾತು ಮುಗಿಸಿದಿರಿ. ಸಾಲಿಯಲ್ಲಿ ವೈರು ಕಿತ್ತು ನೋಟಿಸು ತಗೊಂಡವಳು ನಾನು.

ಮನಿಷಾ

---

ಬೆಂಗಳೂರು
25 ಜನವರಿ 2024

ತಂಗಿ ಮನಿಷಾಗೆ,
ಜೈಭೀಮ.

ನೀನು ಹೇಳಿದ್ದು ಖರೆ. ಹೇಳಬೇಕಾಗಿತ್ತು. ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೆ ಎಂಬುದು ಅರ್ಧ ಕಾರಣ. ಉಳಿದ ಅರ್ಧ, ಅವರು ಹೂಂ ಎಂದದ್ದು ನನಗೆ ಬೇಕಾಗಿತ್ತು. ಬೇಡ ಎಂದಿದ್ದರೆ ನಿಜವಾಗಿ ಪಿಚ್ಚರು ಬಿಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ.  ನಿನಗೆ ಬರೆದರೆ ಇದನ್ನೂ ಬರೆಯಬೇಕಾಗುತ್ತಿತ್ತು.

ಈಗ ಒಂದು ಒಳ್ಳೆಯ ಸುದ್ದಿ. ಪಿಚ್ಚರಿನವರ ಹಂಗಿಲ್ಲದೆ ನಮ್ಮದೇ ಹಾಡುಗಳನ್ನು ಹೊರಗೆ ತರುತ್ತಿದ್ದೇವೆ. ಜಾನ್ಸನನ ಹತ್ತಿರ ತಪ್ಪಾಯಿತು ಎಂದೆ. ಬಾರಿಸಲು ಒಪ್ಪಿದ್ದಾನೆ. ಮೊದಲ ಹಾಡು 'ಕಪ್ಪು-ಬಸಿ', ಹಳೆಯ ಸಾಲುಗಳಲ್ಲೇ, ಒಂದಕ್ಷರ ಬದಲಿಲ್ಲದೆ. ಸುರುವಿಗೆ ನಾನೇ ಹೇಳುತ್ತೇನೆ: ಇದು ಮನ್ನಳ್ಳಿಯ ನರಸಿಂಗ ಅವರ ಜೀವನದ ಕಥೆ ಎಂದು. ಅವರ ಫೋಟೊ ಕೂಡ ಹಾಕೋಣ. ಈಗ ನಮ್ಮ ಹೆಸರಿದೆ, ಜನ ಕೇಳಲೇಬೇಕು.

ಈ ಸಲ ನಿನ್ನ ಮುಖಾಂತರವೇ ಕೇಳುತ್ತಿದ್ದೇನೆ. ನೀನು ಬಯಸಿದ್ದು ಇದನ್ನೇ. ಅಪ್ಪನನ್ನು ಒಪ್ಪಿಸು. ಹೂಂ ಎಂದು ಒಂದು ಸಾಲು ಬರೆದರೆ ಸಾಕು.

ನಿನ್ನ ಅಣ್ಣ ಎನ್ನಬಹುದೇ?
ನಾಗಸೇನ

---

ಮನ್ನಳ್ಳಿ
18 ಫೆಬ್ರವರಿ 2024

ನಾಗಸೇನಣ್ಣನಿಗೆ,

ನಿನ್ನ ಪತ್ರ ಓದಿ ನಾನು ಹಿಗ್ಗಿದೆ. ಕಡೆಗೂ ಗೆದ್ದೆ ಎಂದುಕೊಂಡೆ. ಅಪ್ಪನ ಫೋಟೊ ಯಾವುದು ಕೊಡಬೇಕು ಎಂಬುದನ್ನೂ ಮನಸ್ಸಿನಲ್ಲಿ ಆರಿಸಿಟ್ಟೆ. ಹಾಗೆಂದುಕೊಂಡೇ ಶನಿವಾರ ಊರಿಗೆ ಬಂದು, ಅವ್ವ ರೊಟ್ಟಿ ಬಡಿಯುವಾಗ ಅಪ್ಪನಿಗೆ ಪತ್ರ ಓದಿ ಹೇಳಿದೆ.

ಅಪ್ಪ, "ಬ್ಯಾಡ" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮುಂದೆ ನಾನು ಯಾವತ್ತೂ ದನಿ ಏರಿಸಿದವಳಲ್ಲ. ನಿನ್ನೆ ಒದರಿದೆ. "ಯಾರಿಗಿ ಅಂಜತಿ? ಒಡದಾಂವ ಅಂಜಬೇಕು. ನೀ ಯಾಕ ಬಾಯಿ ಮುಚಗೊಂಡು ಕೂಡತಿ? ನಾನು ಸಾಲ್ಯಾಗ ನಿನ್ನ ಸಲುವಾಗಿ ಬೈಸಿಕೊಂಡೀನಿ."

"ನನ್ನ ಸಲುವಾಗಿ ಬೈಸ್ಕೋ ಅಂತ ನಾ ಹೇಳಿದ್ನೇನು?" ಎಂದ ಅಪ್ಪ. ಮೆಲ್ಲಗೆ ಅಂದರೂ ಸಿಟ್ಟು ಅವನಿಗೂ ಇತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಿಮಗ ಹಾಡ ಬೇಕಾಗಿತ್ತು. ನನಗ ಅವತ್ತ ಬರೇ ಚಹಾ ಬೇಕಾಗಿತ್ತು" ಎಂದ. ಆಮೇಲೆ ಹಣಮಂತಪ್ಪ ಕಾಕಾನ ಸುದ್ದಿ ತೆಗೆದ. ಅವರ ಬಗ್ಗೆ ನಿನಗೆ ಗೊತ್ತಿಲ್ಲ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಇದ್ದಾಗಿನ ಜೊತೆಗಾರ. ನಮ್ಮ ಜಾತಿಯವರಲ್ಲ. ಮೂವತ್ತು ವರ್ಷ ಒಂದೇ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡಿದವರು, ಮೂವತ್ತು ವರ್ಷವೂ ಜಗಳಾಡಿದವರು.

"ಹಾಡ ಕಟ್ಟಿದ ವರ್ಷ ಏಪ್ರಿಲ್ ಹದಿನಾಲ್ಕಕ್ಕ, ಜಯಂತಿಗಿ, ನೀವು ಬೀದರದಾಗ ಆ ಹಾಡ ಹಾಡಿದ್ರಿ. ಅದು ನಂದೇ ಅಂತ ನೀನೇ ಎಲ್ಲಾರಿಗೂ ಹೇಳಿದಿ. ಹಣಮಂತಪ್ಪಾನೂ ಕೇಳಿದ. ಮರುದಿನದಿಂದ ನನಗ ಮೊದಲ ಚಹಾ ಕೊಡ್ಲತ್ತಿದ. ನಾ ಅಂದಿದ್ದಕ್ಕೆಲ್ಲ 'ಹೌದಪ್ಪಾ ನರಸಿಂಗ, ನಿಂದೇ ಬರೋಬರಿ' ಅನ್ಲತ್ತಿದ. ನನ್ನ ಅಂಗೈ ನೋಡ್ತಿದ್ದ. ಐದು ವರ್ಷ, ಮನಿಷಾ. ಐದು ವರ್ಷ ಅಂವ ನನ್ನ ಕೂಡ ಒಂದು ಜಗಳ ಮಾಡ್ಲಿಲ್ಲ. ಒಡದಾಂವ ಒಂದು ಸಲ ಒಡದ. ನೀವು ದಿನಾ ಒಡಸ್ಲಿಕ್ಕ ಸುರು ಮಾಡಿದ್ರಿ."

  ಆ ದಿನ ವೇದಿಕೆಯ ಕೆಳಗೆ ನಿಂತು, ಇದು ನಮ್ಮ ಅಪ್ಪಂದು, ನಮ್ಮ ಅಪ್ಪಂದು ಎಂದು ಕಂಡಕಂಡವರಿಗೆಲ್ಲ ಹೆಮ್ಮೆಯಿಂದ ಹೇಳಿದ್ದು ನೆನಪಿದೆ. ನೀನು ಕೇಳಿ ಕೊಟ್ಟೆ. ನಾನು ಕೇಳದೇ ಕೊಟ್ಟಿದ್ದೆ.

ಪಿಚ್ಚರಿನ ಹಾಡು ಬಂದ ಮೇಲೆ ಆ ರಾಗ ಕೇಳಿದರೆ ಯಾರಿಗೂ, ಕಾಕಾನಿಗೂ, ಅಪ್ಪ ನೆನಪಾಗುವುದಿಲ್ಲವಂತೆ. ಅದು ಬೇಕಾಗಿತ್ತಂತೆ ಅವನಿಗೆ. ಅಪ್ಪ ಹೀಗೆಲ್ಲ ಅಂದ ಮಾತ್ರಕ್ಕೆ ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಒಡೆದವನು ಹಾಯಾಗಿ ಇದ್ದಾನೆ, ಅವನ ಮೊಮ್ಮಕ್ಕಳು ನಿನ್ನ ಹಾಡಿಗೆ ಕುಣಿಯುತ್ತಿರಬಹುದು. ಆ ಹಾಡು ಎಲ್ಲಿ ಕೇಳಿದರೂ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಬೆಂಕಿ. ಅಪ್ಪನ ಮಾತು ಸರಿ ಎಂದೂ ನನಗೆ ಅನ್ನಿಸುವುದಿಲ್ಲ. ಆದರೆ ಕಪ್ಪು ಅವನದು, ಕೈ ಅವನದು.

ಅದಕ್ಕೆ ನಿನ್ನ ಪತ್ರಕ್ಕೆ ಉತ್ತರ: ಬೇಡ. ಹಳೆಯ ಸಾಲುಗಳನ್ನು ಇನ್ನು ಮೇಲೆ ಎಲ್ಲಿಯೂ ಹಾಡಬೇಡ. ಹೆಸರು ಬೇಡ, ಫೋಟೊ ಬೇಡ, ನಲವತ್ತು ಜನರ ಮುಂದೆಯೂ ಬೇಡ. ಇದನ್ನು ನನ್ನ ಕೈಯಿಂದಲೇ ಬರೆಯಬೇಕಾಗಿ ಬಂದಿದೆ. ಬರೆಯುವಾಗ ಎರಡು ಸಲ ಹೊಡೆದು ಹಾಕಿದ್ದೇನೆ, ಮೇಲೆ ಕಾಣುತ್ತದೆ. ಹಾಡು ಬೇಕಾದರೆ ನಿಮ್ಮ ಮನೆಯಲ್ಲಿ ಕೇಳು. ನಿಮ್ಮಲ್ಲಿಯೂ ಯಾರಾದರೂ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ. ಅವರು ಹೂಂ ಎಂದರೆ ಬರಿ, ನಾನು ಕೇಳಲು ಬರುತ್ತೇನೆ.

ಈಗ ರವಿವಾರ ಮಧ್ಯಾಹ್ನ. ಹಣಮಂತಪ್ಪ ಕಾಕಾ ಊರಿಂದ ಬಂದಿದ್ದಾರೆ. ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರೂ ಯಾವುದೋ ಹಳೆಯ ಬಸ್ಸಿನ ಗೇರ್ ಬಾಕ್ಸಿನ ಮೇಲೆ ಅರ್ಧ ತಾಸಿನಿಂದ ಜಗಳಾಡುತ್ತಿದ್ದಾರೆ. "ನಿನಗ ಏನೂ ತಿಳ್ಯಾಂಗಿಲ್ಲ ನರಸಿಂಗಾ, ಅವತ್ತೂ ತಿಳೀಲಿಲ್ಲ, ಇವತ್ತೂ ತಿಳ್ಯಾಂಗಿಲ್ಲ" ಎಂದು ಕಾಕಾ ಒದರುತ್ತಿದ್ದಾರೆ. ಅಪ್ಪ ಅದಕ್ಕಿಂತ ಜೋರಾಗಿ ಒದರುತ್ತಿದ್ದಾನೆ. ಅವ್ವ ಒಳಗಿನಿಂದ ಇಬ್ಬರನ್ನೂ ಬಯ್ಯುತ್ತಿದ್ದಾಳೆ.

ಮನಿಷಾ